ನಿಧಾನವಾಗಿ ಓದಲು ಕಲಿತ ಹುಡುಗಿ

ಪಾಠ ಹೇಳುವುದರಲ್ಲಿ ನನಗೊಂದು ಹೆಸರಿತ್ತು. ಚಿಕ್ಕೋಡಿಯಿಂದ ದಿನಾ ಬಸ್ಸು ಹಿಡಿದು ರಾಯಬಾಗ ತಾಲೂಕಿನ ಹೊಳೆಯ ಕಡೆಯ ಒಂದು ಹಳ್ಳಿಗೆ ಹೋಗುತ್ತೇನೆ. ಅಲ್ಲಿನ ಸರಕಾರಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ನನ್ನದು. ನಿವೃತ್ತಿಗೆ ಇನ್ನೆರಡು ವರ್ಷ. ‘ಅಕ್ಕೋರು ಪಾಠ ಹೇಳಿದರೆ ಕಿಟಕಿಯ ಹೊರಗೆ ನಿಂತವರಿಗೂ ತಿಳಿಯುತ್ತದೆ’ ಎಂದು ಊರಲ್ಲಿ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಕೇಳಿಸಿಕೊಳ್ಳದವಳ ಹಾಗೆ ನಟಿಸಿ ಒಳಗೊಳಗೇ ಉಬ್ಬುತ್ತಿದ್ದೆ.

ನಾನು ಮಾಡುತ್ತಿದ್ದದ್ದು ಇಷ್ಟೆ. ಪುಸ್ತಕದಿಂದ ಒಂದು ಸಾಲು ಓದುವುದು: ‘ಮಣ್ಣಿನ ಸವಕಳಿಯಿಂದ ಭೂಮಿಯ ಫಲವತ್ತತೆ ಕಡಿಮೆಯಾಗುತ್ತದೆ.’ ಆಮೇಲೆ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚುವುದು. ‘ಅಂದ್ರ ಏನ್ರಪಾ, ಜೋರ ಮಳಿ ಬಂದಾಗ ಹೊಲದಾಗಿನ ಮ್ಯಾಲಿನ ಮಣ್ಣ ಹರಕೊಂಡ ಹೊಳಿಗೆ ಹೋಗತೈತಿ. ಆಮ್ಯಾಲ ಅಲ್ಲಿ ಬೆಳಿ ಛಲೋ ಬರೂದಿಲ್ಲ.’ ಮಕ್ಕಳು ತಲೆಯಾಡಿಸುತ್ತಿದ್ದರು. ಮತ್ತೆ ಒಂದು ಸಾಲು, ಮತ್ತೆ ‘ಅಂದ್ರ’. ಇದು ನನ್ನೊಬ್ಬಳ ಪದ್ಧತಿಯಲ್ಲ, ಈ ಗಡಿಯ ಕಡೆ ನಾವೆಲ್ಲ ಹೀಗೇ ಕಲಿಸುವುದು. ಪುಸ್ತಕದ ಕನ್ನಡ ಒಂದು, ನಮ್ಮ ಬಾಯಿಯ ಕನ್ನಡ ಇನ್ನೊಂದು. ತರಗತಿಯಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಮರಾಠಿ, ಕುಡಚಿಯ ಕಡೆಯಿಂದ ಬಂದು ನೆಲೆಸಿದ ನಾಲ್ಕು ಮನೆಗಳಲ್ಲಿ ಉರ್ದು. ಬೋರಗಾಂವದಲ್ಲಿ ನನಗೆ ಕಲಿಸಿದ ಮಾಸ್ತರರೂ ಪಕ್ಕದ ಮಗ್ಗಗಳ ಸದ್ದಿನ ಮೇಲೆ ದನಿ ಎತ್ತಿ ‘ಅಂದ್ರ’ ಎಂದೇ ಕೂಗುತ್ತಿದ್ದರು. ಅವರನ್ನು ನೋಡಿಯೇ ನಾನು ಕಲಿತದ್ದು.

ಆ ವರ್ಷ ನನ್ನ ತರಗತಿಯಲ್ಲಿ ಕುರಿ ಕಾಯುವ ಮನೆಯ ಒಬ್ಬ ಹುಡುಗಿ ಇದ್ದಳು. ತಂದೆ ತಾಯಿ ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಹೊರಟರೆ ಮಳೆಗಾಲಕ್ಕೇ ತಿರುಗಿ ಬರುವುದು. ಅಲ್ಲಿಯವರೆಗೆ ಹುಡುಗಿ ಅಜ್ಜಿಯ ಹತ್ತಿರ ಇರುತ್ತಿದ್ದಳು. ಅಜ್ಜಿಗೆ ಕಣ್ಣು ಮಂದವಾಗುತ್ತ ಬಂದು, ಮುಂದಿನ ವರ್ಷ ಆ ಮುದುಕಿಯನ್ನು ಅಥಣಿಯ ಕಡೆ ಇರುವ ಮಗಳ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಆ ಮಗಳ ಮನೆಯಲ್ಲಿ ಮೊದಲೇ ಜನ ಹೆಚ್ಚು. ಮುದುಕಿಯ ಜೊತೆ ಮೊಮ್ಮಗಳನ್ನೂ ಇಟ್ಟುಕೊಳ್ಳಲು ಅವರು ತಯಾರಿರಲಿಲ್ಲ. ಹಾಗಾಗಿ ಹುಡುಗಿ ಓದು ಮುಂದುವರಿಸಬೇಕಾದರೆ ಒಂದೇ ದಾರಿ. ಐದನೆಯ ತರಗತಿಯ ಕೊನೆಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ಅಲ್ಲಿ ಸೀಟು ಪಡೆಯಬೇಕು. ಸಿಗದಿದ್ದರೆ ಕುರಿಗಳ ಹಿಂದೆ.

ಜೂನ್ ತಿಂಗಳಲ್ಲಿ ಅವಳ ತಾಯಿ ಶಾಲೆಗೆ ಬಂದಳು. ಬಾಗಿಲಿನ ಹೊರಗೇ ನಿಂತು, ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು: ‘ಅಕ್ಕೋರ, ಈಕಿಗೆ ಓದಾಕ ಬರತೈತೇನ್ರಿ? ಕುಡಚ್ಯಾಗ ಯಾರೋ ಪರೀಕ್ಷಾಕ್ಕ ಕ್ಲಾಸ್ ಹಿಡೀತಾರಂತ. ಅಲ್ಲಿ ಹಚ್ಚಲೇನ್ರಿ?’

ನಾನು ಹುಡುಗಿಯನ್ನು ಕರೆದು ಪುಸ್ತಕ ಕೊಟ್ಟೆ. ಅವಳು ನಿಂತಲ್ಲೇ ಒಂದು ಪುಟವನ್ನು ಎಲ್ಲೂ ತಡವರಿಸದೆ, ಒಂದೇ ಉಸಿರು ಎನ್ನುವ ಹಾಗೆ ಓದಿ ಮುಗಿಸಿದಳು. ತಾಯಿಯ ಮುಖ ಅರಳಿತು.

‘ಕೇಳಿದಿಲ್ಲವಾ? ಕ್ಲಾಸ್ ಯಾಕ ಬೇಕು, ನಾ ಇಲ್ಲಿ ಇಲ್ಲೇನು?’ ಎಂದೆ. ಕ್ಲಾಸು ನಡೆಸುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಾವು ಕಲಿಸಿದ್ದನ್ನೇ ಕಲಿಸಿ ಹೆಸರು ಅವರು ಮಾಡಿಕೊಳ್ಳುತ್ತಾರೆ. ಆ ದಿನ ಆಡಿದ ಮಾತಿನಲ್ಲಿ ಹುಡುಗಿಯ ಹಿತಕ್ಕಿಂತ ಆ ಸಿಟ್ಟೇ ಹೆಚ್ಚಿತ್ತು. ತಾಯಿ ಕೈ ಮುಗಿದು ಹೋದಳು, ಕುಡಚಿಯ ಮಾತನ್ನು ಮತ್ತೆ ಎತ್ತಲಿಲ್ಲ.

ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾಯಿತು. ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಧೂಳು, ಕಾರ್ಖಾನೆಯ ಬೂದಿ ಎರಡೂ ಸೇರಿ ಬಸ್ಸಿನ ಕಿಟಕಿಯಿಂದ ಒಳಗೆ ಬರುತ್ತವೆ. ಪ್ರತಿ ವರ್ಷ ನನ್ನ ಗಂಟಲು ಕೆಡುತ್ತದೆ. ಆ ವರ್ಷ ಪೂರ್ತಿ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಹದಿನೈದು ದಿನ ಮಾತಾಡಕೂಡದು ಎಂದರು ಡಾಕ್ಟರು. ರಜೆ ಹಾಕಬಹುದಿತ್ತು, ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ರಜೆ ಹಾಕಿದರೆ ಹೆಡ್ ಮಾಸ್ತರರು ಐದೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ತುಂಬಿಕೊಂಡು ಕೂರಬೇಕು. ಹೋದೆ.

ಹಲಗೆಯ ಮೇಲೆ ಬರೆದೆ: ‘ಪಾಠವನ್ನು ಓದಿ. ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ.’ ಸಣ್ಣ ಪಾಠ, ನೀರಿನ ಬಗ್ಗೆ. ಪ್ರಶ್ನೆಗಳೂ ಸಣ್ಣವು. ಮಕ್ಕಳು ಗಟ್ಟಿಯಾಗಿ ಓದಿದರು, ಎಲ್ಲರೂ ಮುಗಿಸಿದರು. ಆಮೇಲೆ ಪುಸ್ತಕ ಮಡಿಸಿ, ಕೈ ಕಟ್ಟಿ, ನನ್ನ ಮುಖ ನೋಡುತ್ತ ಕೂತರು. ನಾನು ಹಲಗೆಯ ಕಡೆ ಬೆರಳು ತೋರಿಸಿದೆ. ಯಾರೂ ಪೆನ್ಸಿಲ್ ಎತ್ತಲಿಲ್ಲ.

ಕೊನೆಗೆ ಆ ಕುರಿಯವರ ಹುಡುಗಿ ಎದ್ದು ನಿಂತು ಬಹಳ ಮರ್ಯಾದೆಯಿಂದ ಹೇಳಿದಳು: ‘ಅಕ್ಕೋರ, ನೀವಿನ್ನೂ ಅಂದ್ರ ಅಂದಿಲ್ಲಲ್ರಿ.’

ನಾನು ಅವಳ ಹತ್ತಿರ ಹೋಗಿ, ಅವಳು ಆಗಷ್ಟೇ ಓದಿದ ಒಂದು ಸಾಲಿನ ಕೆಳಗೆ ಬೆರಳಿಟ್ಟೆ. ಏನು ಹೇಳುತ್ತಿದೆ ಇದು ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳು ಮತ್ತೆ ಅದೇ ಸಾಲನ್ನು ಅಷ್ಟೇ ಚಂದವಾಗಿ ಓದಿದಳು. ಅರ್ಥವೇನು ಎಂದು ಪಾಟಿಯ ಮೇಲೆ ಬರೆದು ಕೇಳಿದೆ. ‘ಅದನ್ನ ನೀವು ಹೇಳತೀರಲ್ರಿ,’ ಎಂದಳು. ಅವಳ ದನಿಯಲ್ಲಿ ಅಂಜಿಕೆಯಿರಲಿಲ್ಲ. ಓದುವ ಕೆಲಸ ತನ್ನದು, ತಿಳಿಸುವ ಕೆಲಸ ನನ್ನದು ಎಂದು ಅವಳು ನಂಬಿದ್ದಳು. ಒಂದನೆಯ ತರಗತಿಯಿಂದ ಹಾಗೇ ನಡೆದು ಬಂದಿತ್ತು.

ಕುರ್ಚಿಗೆ ಬಂದು ಕೂತೆ. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಎಷ್ಟು ಮಕ್ಕಳು ಹೀಗೆ ಹೋದರೋ ಎಂಬ ಯೋಚನೆ ಬಂತು. ಅನ್ನವನ್ನು ನಾನೇ ಅಗಿದು ಅವರ ಬಾಯಿಗೆ ಹಾಕುತ್ತ ಬಂದಿದ್ದೆ, ಮೇಲೆ ಶಭಾಷ್ ಎನ್ನಿಸಿಕೊಂಡಿದ್ದೆ. ಆ ಸಂಜೆ ಹುಡುಗಿಯ ತಾಯಿಗೆ ಫೋನು ಮಾಡಿ ನಿಜ ಹೇಳಬೇಕಿತ್ತು. ಅವರು ಆಗ ಕುರಿಗಳ ಜೊತೆ ನಿಪ್ಪಾಣಿಯ ಆಚೆ ಎಲ್ಲೋ ಇದ್ದರು. ಗಂಟಲು ಸರಿಯಾಗಲಿ ಎಂದುಕೊಂಡೆ. ಗಂಟಲು ಸರಿಯಾದ ಮೇಲೆ, ಇನ್ನು ಹೇಳಿ ಅವಳ ನಿದ್ದೆ ಕೆಡಿಸುವುದೇಕೆ, ನಾನೇ ಸರಿಪಡಿಸುತ್ತೇನೆ ಎಂದುಕೊಂಡೆ.

ಸರಿಪಡಿಸಲು ಮೂರು ತಿಂಗಳಿತ್ತು. ತರಬೇತಿಗಳಲ್ಲಿ ನಮಗೆ ಶಬ್ದಸಂಪತ್ತಿನ ಬಗ್ಗೆ ಬಣ್ಣಬಣ್ಣದ ಚಾರ್ಟು ಮಾಡಿಸಿದ್ದರು. ಚಹಾ ಕುಡಿದು, ಚಾರ್ಟು ಸುತ್ತಿ, ಶಾಲೆಯ ಕಪಾಟಿನ ಮೇಲಿಟ್ಟು ಬಿಟ್ಟಿದ್ದೆವು. ಆ ಚಾರ್ಟು ಇಳಿಸಿ ಧೂಳು ಕೊಡವಿ ಅದರ ಹಿಂಬದಿಯಲ್ಲಿ ಬರೆಯತೊಡಗಿದೆ. ಮೊದಲು ದೊಡ್ಡ ಶಬ್ದಗಳನ್ನು ಬರೆದೆ: ಸವಕಳಿ, ಬಾಷ್ಪೀಕರಣ, ಫಲವತ್ತತೆ. ವಾರದೊಳಗೆ ತಿಳಿಯಿತು, ಮಕ್ಕಳ ಕಾಲಿಗೆ ತೊಡರುವುದು ಇವಲ್ಲ. ಹೋಲಿಸಿ, ವರ್ಗೀಕರಿಸಿ, ಕಾರಣ ಕೊಡಿ, ಪರಿಣಾಮವೇನು, ಇದನ್ನು ಹೊರತುಪಡಿಸಿ, ಆದಾಗ್ಯೂ: ಪ್ರತಿ ಪುಟದಲ್ಲೂ ಬರುವ, ಯಾರೂ ಎಂದೂ ಬಿಡಿಸಿ ಹೇಳದ ಇಂಥ ಶಬ್ದಗಳ ಮುಂದೆ ಅವರು ನಿಂತುಬಿಡುತ್ತಿದ್ದರು. ಪ್ರಶ್ನೆ ಏನು ಕೇಳುತ್ತಿದೆ ಎಂದೇ ತಿಳಿಯದವರಿಗೆ ಉತ್ತರ ಗೊತ್ತಿದ್ದು ಏನು ಬಂತು?

ದಿನಕ್ಕೊಂದೇ ಶಬ್ದ. ನಾನು ಅರ್ಥ ಹೇಳುವುದಿಲ್ಲ, ಅದು ನಿಯಮ. ಆ ಶಬ್ದವನ್ನು ಮನೆಗೆ ಒಯ್ದು, ತಮ್ಮ ಮನೆಯ ಯಾವುದಾದರೂ ಕೆಲಸಕ್ಕೆ ಹೊಂದಿಸಿಕೊಂಡು ಬಂದು ಹೇಳಬೇಕು. ಹಾಗೆ ಹೇಳಿದ ಮೇಲೆಯೇ ಶಬ್ದ ಗೋಡೆಗೆ ಹೋಗುವುದು. ಮೊದಲ ದಿನಗಳಲ್ಲಿ ತರಗತಿ ಸತ್ತಂತಿತ್ತು. ‘ಅಂದ್ರ’ ಎಂದು ನನ್ನ ನಾಲಗೆಯ ತುದಿಗೆ ಬರುತ್ತಿತ್ತು; ತುಟಿ ಕಚ್ಚಿ ಕೂರುತ್ತಿದ್ದೆ. ಮಾತಾಡುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು ದಣಿವಿನ ಕೆಲಸ ಎಂದು ಆಗ ಗೊತ್ತಾಯಿತು. ಸಂಜೆ ಬಸ್ಸಿನಲ್ಲಿ ಕೂತರೆ ಮೈಯೆಲ್ಲ ನೋಯುತ್ತಿತ್ತು.

ನಿಧಾನಕ್ಕೆ ಬಾಯಿ ಬಿಟ್ಟರು. ‘ಪರಿಣಾಮ’ ಎಂದ ಕೂಡಲೇ ಮರಾಠಿ ಮನೆಯ ಮಕ್ಕಳು ಕೈ ಎತ್ತಿದರು; ಅವರ ಮನೆಯ ಟಿವಿಯ ಸುದ್ದಿಯಲ್ಲಿ ಅದೇ ಶಬ್ದ ದಿನಾ ಬರುತ್ತದೆ. ಉರ್ದು ಮನೆಯ ಹುಡುಗಿಯೊಬ್ಬಳು, ‘ಔಷಧ ತಗೊಂಡ ಮ್ಯಾಲೆ ಅಸರ ಆಗತೈತಲ್ರಿ, ಅದ?’ ಎಂದಳು. ಅಷ್ಟು ದಿನ ಕನ್ನಡ ಬಾರದವರು ಎಂದು ನಾನು ಹಿಂದಿನ ಸಾಲಿಗೆ ಕೂರಿಸಿದ್ದ ಮಕ್ಕಳೇ ಅಂದು ಮುಂದಿದ್ದರು. ನನಗೆ ನಾಚಿಕೆಯಾಯಿತು.

ಕುರಿಯವರ ಹುಡುಗಿ ‘ವರ್ಗೀಕರಿಸಿ’ ತಂದ ದಿನ ಮರೆಯಲಾರೆ. ಅವಳು ಹಲಗೆಯ ಮುಂದೆ ನಿಂತು, ‘ನಮ್ಮ ಕುರಿ ಎಲ್ಲಾ ಕೂಡೇ ಇರತಾವ್ರಿ. ಖರೆ ನಮ್ಮಪ್ಪ ನೋಡಿದ ಕೂಡ್ಲೆ ಬ್ಯಾರೆ ಬ್ಯಾರೆ ಮಾಡತಾನ. ಈದಾವು, ಗಬ್ಬ ಇದ್ದಾವು, ಮರಿ, ಟಗರು. ಕುಂಟಾವನ್ನೂ ಬ್ಯಾರೆ ಮಾಡತಾನ,’ ಎಂದಳು.

‘ಎಷ್ಟ ಕುರಿ ಅದಾವ ನಿಮ್ಮವು?’ ಎಂದು ಒಬ್ಬ ಹುಡುಗ ಕೇಳಿದ.

‘ನಮ್ಮ ಮನ್ಯಾಗ ಎಣಸೂದಿಲ್ಲ. ದೃಷ್ಟಿ ಆಗತೈತಿ. ಮಾರಿ ನೋಡಿ ಗುರ್ತ ಹಿಡಿತೀವಿ. ಒಂದ ಕಮ್ಮಿ ಇದ್ರೂ ತಿಳಿತೈತಿ.’

ಅಂದಿನಿಂದ ಅವಳು ಓದುವ ರೀತಿ ಬದಲಾಯಿತು. ಒಂದೊಂದು ಶಬ್ದದ ಮುಖ ನೋಡಿ ಗುರುತು ಹತ್ತಿದರೆ ಮಾತ್ರ ಮುಂದೆ ಹೋಗುವಳು. ಹತ್ತದಿದ್ದರೆ ಹಿಂದಿನ ಸಾಲಿಗೆ ತಿರುಗುವಳು. ಒಂದು ಪುಟಕ್ಕೆ ಮೊದಲಿನ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು. ಓದಿ ಮುಗಿಸಿದ ಮೇಲೆ ಏನು ಕೇಳಿದರೂ ಹೇಳುತ್ತಿದ್ದಳು. ಒಮ್ಮೆ ಪಾಠದಲ್ಲೇ ತಪ್ಪು ಹಿಡಿದಳು. ಕುರಿಗಳು ಎಂಥ ಹುಲ್ಲನ್ನಾದರೂ ತಿನ್ನುತ್ತವೆ ಎಂದು ಒಂದು ಕಡೆ ಬರೆದಿತ್ತು. ‘ಇದು ಸುಳ್ರಿ ಅಕ್ಕೋರ. ಎಳೆ ಜ್ವಾಳ ತಿಂದ್ರ ಹೊಟ್ಟಿ ಉಬ್ಬಿ ಸಾಯತಾವು. ಅದು ಪರಿಣಾಮ,’ ಎಂದಳು. ನನಗೆ ಅತ್ತುಬಿಡುವಷ್ಟು ಸಂತೋಷವಾಯಿತು. ಇಷ್ಟು ವರ್ಷಗಳ ನೌಕರಿಯಲ್ಲಿ ಪುಸ್ತಕಕ್ಕೆ ಎದುರು ಮಾತಾಡಿದ ಮೊದಲ ಮಗು ಅದು.

ಓದಿನ ಮಟ್ಟ ಅಳೆಯಲು ಇಲಾಖೆಯಿಂದ ಬರುವ ತರುಣರೊಬ್ಬರಿದ್ದಾರೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಬಂದರು. ಮೊಬೈಲಿನಲ್ಲಿ ಗಡಿಯಾರ ಹಚ್ಚಿ, ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು, ಒಂದು ನಿಮಿಷಕ್ಕೆ ಎಷ್ಟು ಶಬ್ದ ಓದಿತು ಎಂದು ಗುರುತು ಹಾಕಿಕೊಂಡರು. ಕುರಿಯವರ ಹುಡುಗಿ ನಡುವೆ ಎರಡು ಕಡೆ ನಿಂತಳು. ಆಗಸ್ಟಿನಲ್ಲಿ ಅವರೇ ಅಳೆದಾಗ ಎಲ್ಲರಿಗಿಂತ ಮೇಲಿನ ಮಟ್ಟದಲ್ಲಿದ್ದವಳು ಒಂದು ಮಟ್ಟ ಕೆಳಗಿಳಿದಳು.

‘ಮೇಡಂ, ಈ ಹುಡುಗಿ ಹಿಂದ ಹೋಗ್ಯಾಳಲ್ರಿ,’ ಎಂದರು.

‘ಹಿಂದ ಹೋಗಿಲ್ಲ, ಈಗ ಓದಾಕ ಕಲ್ತಾಳ. ಅರ್ಥ ಕೇಳಿ ನೋಡ್ರಿ,’ ಎಂದೆ ಬಿರುಸಾಗಿ.

‘ಅರ್ಥದ ಕಾಲಮ್ ಇದರಾಗ ಇಲ್ರಿ ಮೇಡಂ. ನಾ ಏನ ಮಾಡ್ಲಿ? ಖರೆ ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಪ್ರವೇಶ ಪರೀಕ್ಷಾಕ್ಕ ಕುಂದರೂ ಹುಡುಗ್ರಿಗೆ ಜರಾ ಗಡಿಯಾರ ಹಚ್ಚಿ ಓದಸ್ರಿ.’

ಒಳ್ಳೆಯ ಮನುಷ್ಯ, ಒಳ್ಳೆಯ ಮಾತನ್ನೇ ಹೇಳಿದರು. ನಾನು ಕೇಳಲಿಲ್ಲ. ಆ ಗಡಿಯಾರ ಕಂಡರೇ ನನಗೆ ಆಗ ಮೈಯುರಿಯುತ್ತಿತ್ತು. ಜೂನಿನಲ್ಲಿ ಕ್ಲಾಸಿನವರ ಮೇಲಿದ್ದ ಸಿಟ್ಟಿನ ಜಾಗಕ್ಕೆ ಈಗ ಮೊಬೈಲಿನ ಮೇಲಿನ ಸಿಟ್ಟು ಬಂದಿತ್ತು, ಅಷ್ಟೆ. ಎರಡೂ ಸಲ ನನ್ನ ಹಟ ನಾನು ಸಾಧಿಸಿದೆ.

ಪರೀಕ್ಷೆ ರಾಯಬಾಗದಲ್ಲಿತ್ತು. ಐದು ಮಕ್ಕಳನ್ನು ಟಂಟಂ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಒಳಗೆ ಬಿಟ್ಟು, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಬೇರೆ ಊರುಗಳ ತಂದೆ ತಾಯಿಗಳ ಜೊತೆ ಕೂತೆ. ಗಂಟೆ ಬಾರಿಸಿ ಮಕ್ಕಳು ಹೊರಗೆ ಬಂದಾಗ ಇವಳು ಎಲ್ಲರಿಗಿಂತ ಕೊನೆಗೆ ಬಂದಳು.

‘ಹೆಂಗಾತು?’

‘ತಿಳೀತ್ರಿ ಅಕ್ಕೋರ. ಎಲ್ಲಾ ತಿಳೀತು.’

‘ಮತ್ತ?’

‘ಅರ್ಧ ಆಗಿತ್ತು, ಹಾಳಿ ಕಸಗೊಂಡ್ರು.’ ಸ್ವಲ್ಪ ಹೊತ್ತು ನಡೆದ ಮೇಲೆ ತಾನಾಗಿಯೇ ಹೇಳಿದಳು: ‘ಮೊದಲಿನಂಗ ಓದಿದ್ರ ಮುಗೀತಿತ್ರಿ. ಖರೆ ತಿಳಿಯಾಕತ್ತಿತ್ತಲ್ರಿ, ಬಿಟ್ಟ ಹೋಗಾಕ ಮನಸ ಬರ್ಲಿಲ್ಲ.’

ಟಂಟಂನಲ್ಲಿ ಉಳಿದ ಮಕ್ಕಳು ಐಸ್ ಕ್ರೀಮಿಗೆ ಗಲಾಟೆ ಮಾಡಿದರು, ಕೊಡಿಸಿದೆ. ಅವಳೂ ತಿಂದಳು. ಏಪ್ರಿಲ್‌ನಲ್ಲಿ ಪಟ್ಟಿ ಬಂತು. ನಮ್ಮ ಶಾಲೆಯಿಂದ ಒಬ್ಬ ಹುಡುಗನಿಗೆ ಸೀಟು ಸಿಕ್ಕಿತು. ಕುಡಚಿಯ ಕ್ಲಾಸಿಗೆ ಹೋಗಿದ್ದವನು. ಹಲಗೆಯ ಮೇಲಿನ ಪ್ರಶ್ನೆಯನ್ನು ಅವನು ಇಂದಿಗೂ ಅರ್ಥ ಮಾಡಿಕೊಳ್ಳದೆ ಓದುತ್ತಾನೆ, ಆದರೆ ಉತ್ತರದ ಹಾಳೆಯಲ್ಲಿ ಸರಿಯಾದ ಗುಂಡಿಗೆ ಬೇಗ ಮಸಿ ತುಂಬುವುದು ಅವನಿಗೆ ಗೊತ್ತು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅವನಾದರೂ ಹೋದನಲ್ಲ.

ಮಳೆಗಾಲಕ್ಕೆ ತಂದೆ ತಾಯಿ ಊರಿಗೆ ಬಂದಿದ್ದರಿಂದ ಹುಡುಗಿ ಹೆಸರಿಗೆ ಆರನೆಯ ತರಗತಿಗೆ ಪಕ್ಕದ ಊರಿನ ಶಾಲೆಗೆ ಸೇರಿದಳು. ದಸರಾ, ದೀಪಾವಳಿ ಮುಗಿದವು. ಅಜ್ಜಿಯನ್ನು ಅಥಣಿಯ ಕಡೆ ಕಳಿಸಿದರು. ಒಂದು ಸಂಜೆ ಬಸ್ಸಿಗೆ ಬರುವಾಗ ನೋಡಿದೆ, ರಸ್ತೆಯ ಪಕ್ಕದ ಸೋಯಾಬೀನ್ ಕೊಯ್ದ ಹೊಲದಲ್ಲಿ ಅವರ ಕುರಿಗಳು ನಿಂತಿದ್ದವು. ಮರುದಿನ ಹೊರಡುವುದಂತೆ. ತಾಯಿ ನನ್ನನ್ನು ಕಂಡು ಮಗಳ ಜೊತೆ ರಸ್ತೆಗೆ ಬಂದಳು.

ಒಂದು ವರ್ಷದಿಂದ ಗಂಟಲಲ್ಲೇ ಉಳಿದಿದ್ದನ್ನು ಹೇಳಿದೆ. ‘ತಪ್ಪ ನಂದೈತಿವಾ. ಕುಡಚಿ ಕ್ಲಾಸ್ ಬ್ಯಾಡ ಅಂದಾಕಿ ನಾನ. ಆಗ ನಿನ್ನ ಮಗಳಿಗೆ ಓದಾಕ ಬರತಿದ್ದಿಲ್ಲ, ನಂಗ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲೂ ನಿಂಗ ಹೇಳಲಿಲ್ಲ.’

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ‘ಆತ ಬಿಡ್ರಿ. ನಿಮ್ಮ ಕೈಲೆ ಆದಷ್ಟ ಮಾಡೀರಿ. ರಾತ್ರಿ ಕುಂತ ಅವರಪ್ಪಗ ಕುರಿ ಔಷಧದ ಚೀಟಿ ಓದಿ ಹೇಳತಾಳ ಈಗ,’ ಎಂದಳು. ಹುಡುಗಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರುತ್ತಿದ್ದಳು.

‘ಚಿಕ್ಕೋಡ್ಯಾಗ ನಿಮ್ಮದ ಸ್ವಂತ ಮನಿ ಏನ್ರಿ ಅಕ್ಕೋರ?’ ತಾಯಿ ಕೇಳಿದಳು.

‘ಹೌದವಾ. ಎರಡ ಖೋಲಿ, ಒಂದ ಅಡಗಿಮನಿ.’

‘ಯಾರ್ಯಾರ ಇರತೀರಿ?’

‘ನಾ ಒಬ್ಬಾಕೇ. ಮಗಳು ಲಗ್ನಾಗಿ ಸಾಂಗಲಿಗೆ ಹೋದ್ಲು.’

ಅವಳು ‘ಹೌದೇನ್ರಿ’ ಎಂದು ಮಗಳ ಕಡೆ ನೋಡಿದಳು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ತಾಯಿ ಏನು ಕೇಳುತ್ತಿದ್ದಾಳೆಂದು ಅವಳಿಗೆ ತಿಳಿದಿತ್ತು. ನನಗೂ ಪೂರ್ತಿ ತಿಳಿದಿತ್ತು. ಮಗಳ ಖೋಲಿಯಲ್ಲಿ ಮಂಚ, ಮೇಜು, ದೀಪ ಎಲ್ಲ ಹಾಗೇ ಇವೆ. ಪಟ್ಟಿ ಬಂದ ದಿನದಿಂದ ಬಸ್ಸಿನಲ್ಲಿ ಕೂತಾಗಲೆಲ್ಲ ‘ಹುಡುಗಿ ನನ್ನ ಮನ್ಯಾಗ ಇರಲಿ’ ಎಂಬ ಮಾತನ್ನು ನಾನೇ ನೂರು ಸಲ ಮನಸ್ಸಿನಲ್ಲಿ ಆಡಿ ನೋಡಿದ್ದೆ. ಬೆಳಿಗ್ಗೆ ಇಬ್ಬರಿಗೆ ರೊಟ್ಟಿ ಬಡಿಯಬೇಕು, ಅವಳನ್ನು ಚಿಕ್ಕೋಡಿಯ ಶಾಲೆಗೆ ಹಚ್ಚಬೇಕು, ಜ್ವರ ಬಂದರೆ ಕೂರಬೇಕು, ಬೆಳೆಯುವ ಹುಡುಗಿ, ಪರರ ಮಗಳು. ಮೊಣಕಾಲು ನೋಯುತ್ತಿದ್ದವು. ಸಾಕಾಗಿತ್ತು ನನಗೆ.

‘ಬಸ್ ಬಂತ ನೋಡ್ರಿ,’ ಎಂದು ತಾಯಿ ನೆಲದ ಮೇಲಿದ್ದ ನನ್ನ ಚೀಲ ಎತ್ತಿ, ಧೂಳು ಜಾಡಿಸಿ ಕೈಗೆ ಕೊಟ್ಟಳು. ನಾನು ಚೀಲ ತೆಗೆದುಕೊಂಡು ಹತ್ತಿದೆ.